ಲಾಯ್ಡ್ ಟೊರ್ವಿಕ್‌ನ ಜನವರಿ ಸವಾರಿ

ಡಾಕ್ಟರಿಗೆ ತೋರಿಸಲಾಗದ ಕಾಯಿಲೆಯೊಂದು ಮಿನ್ನೆಸೋಟಾದ ಹೆರನ್ ಫೋರ್ಕ್ ಎಂಬ ಊರಿನಲ್ಲಿದೆ. ನವೆಂಬರಿನ ಹಿಮದ ಜೊತೆಗೇ ಅದು ಹತ್ತಿಕೊಳ್ಳುತ್ತದೆ, ಹಿಮ ಕರಗಲೆಂದು ರಸ್ತೆಗೆ ಸುರಿದ ಉಪ್ಪು ಏಪ್ರಿಲಿನಲ್ಲಿ ತೊಳೆದುಹೋಗುವವರೆಗೆ ಬಿಡುವುದಿಲ್ಲ. ಬೈಕು ಇಟ್ಟುಕೊಂಡ ಗಂಡಸರಿಗೆ ಮಾತ್ರ ಬರುವ ಕಾಯಿಲೆ ಅದು. ಬರುವುದು ಅವರಿಗೆ, ಅನುಭವಿಸುವುದು ಅವರ ಹೆಂಡಂದಿರು.

ಒಬ್ಬೊಬ್ಬರದು ಒಂದೊಂದು ಲಕ್ಷಣ. ಹಲ್ಲಿನ ಡಾಕ್ಟರ್ ವೆಂಡೆಲ್ ಊಟದ ಕೋಣೆಯ ಮೇಜನ್ನು ಅಟ್ಟಕ್ಕೆ ಹಾಕಿಸಿ, ಅದೇ ಜಾಗದಲ್ಲಿ ಬೈಕು ನಿಲ್ಲಿಸಿಕೊಂಡಿದ್ದ. ಮನೆಮಂದಿಯೆಲ್ಲ ತಟ್ಟೆ ಕೈಯಲ್ಲಿ ಹಿಡಿದು ಅದರ ಸುತ್ತ ನಿಂತೇ ಉಣ್ಣಬೇಕು; ಸೀಟಿನ ಮೇಲೆ ಯಾರೂ ಬಟ್ಟಲಿಡುವ ಹಾಗಿಲ್ಲ. ಬೈಕ್ ಸವಾರರ ಸಂಘದ ಅಧ್ಯಕ್ಷ ಗಸ್ ಪೆಲ್ಟೋ ಎಪ್ಪತ್ತೊಂದು ವರ್ಷದ ಮುದುಕ, ಸ್ಕೂಲ್ ಬಸ್ ಓಡಿಸಿ ನಿವೃತ್ತನಾದವನು. ಟಿವಿಯಲ್ಲಿ ರಸ್ತೆಯೊಂದು ಕಂಡರೆ ಸಾಕು, ಸೋಫಾದಲ್ಲಿ ಕೂತಲ್ಲೇ ತಿರುವಿಗೆ ತಕ್ಕಂತೆ ವಾಲುತ್ತಿದ್ದ. ಒಮ್ಮೆ ಕಡಿದಾದ ಎಡತಿರುವಿನಲ್ಲಿ ಹೆಂಡತಿಯ ಮೇಲೆ ಬಿದ್ದು ಬಿಸಿ ಕಾಫಿ ಚೆಲ್ಲಿಸಿದ್ದ. ಇನ್ನೊಬ್ಬನಿಗೆ ಎಂಜಿನ್ ಆಯಿಲ್ ಒರೆಸಿದ ಬಟ್ಟೆಯನ್ನು ದಿಂಬಿನ ಕೆಳಗಿಡದೆ ನಿದ್ದೆ ಬರುತ್ತಿರಲಿಲ್ಲ. ಅವನ ಹೆಂಡತಿ ಬೇರೆ ಕೋಣೆಯಲ್ಲಿ ಮಲಗುತ್ತಿದ್ದಳು ಅನ್ನುವುದನ್ನು ಹೇಳಬೇಕಾಗಿಲ್ಲ.

ನಮ್ಮ ಲಾಯ್ಡ್ ಟೊರ್ವಿಕ್ ಇವರೆಲ್ಲರಿಗಿಂತ ಸಾಧು. ಐವತ್ತೆಂಟು ವಯಸ್ಸು, ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣ ಬೆರೆಸುವ ಕೆಲಸ. ಬಿಳಿ ಬಣ್ಣವೊಂದರಲ್ಲೇ ನಲವತ್ತು ಬಗೆಯನ್ನು ಬರಿಗಣ್ಣಿನಲ್ಲಿ ಗುರುತಿಸಬಲ್ಲ. ಆದರೆ ಯಾರಾದರೂ ಎದುರಿಗೆ ನಿಂತು ಗಟ್ಟಿಯಾಗಿ ಮಾತಾಡಿದರೆ ಕಪ್ಪನ್ನೂ ಬಿಳಿ ಎಂದು ಒಪ್ಪಿಕೊಂಡುಬಿಡುವ ಸ್ವಭಾವ. ಸಂಜೆಯಾಯಿತೆಂದರೆ ಚರ್ಮದ ಜಾಕೆಟ್ ಹಾಕಿಕೊಂಡು ಗ್ಯಾರೇಜಿಗೆ ಹೋಗಿ, ತಣ್ಣಗೆ ಮಲಗಿದ ಬೈಕಿನ ಮೇಲೆ ಅರ್ಧ ಗಂಟೆ ಕೂತು ಒಳಗೆ ಬರುತ್ತಿದ್ದ. ಹೆಂಡತಿ ಮಾರ್ಲಿಸ್ ಏನೂ ಅನ್ನುತ್ತಿರಲಿಲ್ಲ. ಬೇರೆಯವರ ಗಂಡಂದಿರನ್ನು ನೋಡಿದ್ದಳಲ್ಲ.

ಈ ಸಂಘಕ್ಕೆ ಒಂದು ನಿಯಮವಿತ್ತು. ಏಪ್ರಿಲಿನಲ್ಲಿ ಒಂಬತ್ತು ಜನ ಸದಸ್ಯರೂ ಸಾಲಾಗಿ ಮೊದಲ ಸವಾರಿಗೆ ಹೊರಡುತ್ತಾರೆ. ಹಿಮ ಬೀಳುವ ಕಾಲದಲ್ಲಿ ಯಾರು ಎಲ್ಲರಿಗಿಂತ ಕಡೆಗೆ ಬೈಕು ಓಡಿಸಿದ್ದನೋ ಅವನು ಸಾಲಿನ ಮುಂದೆ. ಉಳಿದವರು ತಾರೀಖಿನ ಪ್ರಕಾರ ಅವನ ಹಿಂದೆ. ಆರ್ಲಿನ್‌ಳ ಕೆಫೆಯ ಗಲ್ಲಾದ ಹಿಂದಿನ ಕರಿಹಲಗೆಯ ಮೇಲೆ ಪ್ರತಿಯೊಬ್ಬನೂ ತನ್ನ ಕೊನೆಯ ಸವಾರಿಯ ತಾರೀಖು ಬರೆಸಬೇಕು. ಸಾಕ್ಷಿ ಕೇಳುವಂತಿಲ್ಲ; ಬೈಕ್ ಸವಾರನ ಮಾತೇ ಸಾಕ್ಷಿ. ಈ ಚಳಿಗಾಲ ಲಾಯ್ಡ್ ನವೆಂಬರ್ ಎರಡು ಎಂದು ಬರೆಸಿದ್ದ. ಆಮೇಲೆ ಬರೆಸಿದವರೆಲ್ಲ ಒಬ್ಬರಿಗಿಂತ ಒಬ್ಬರು ಮುಂದಿನ ತಾರೀಖು ಬರೆಸುತ್ತ ಹೋಗಿ, ಗಸ್ ನವೆಂಬರ್ ಹತ್ತೊಂಬತ್ತಕ್ಕೆ ತಂದು ನಿಲ್ಲಿಸಿದ. ಲಾಯ್ಡ್ ಎಂದಿನಂತೆ ಕಟ್ಟಕಡೆಗೆ ಬಿದ್ದ.

ಹನ್ನೊಂದು ವರ್ಷದಿಂದ ಅವನ ಜಾಗ ಅದೇ. ಎಂಟು ಬೈಕಿನ ಹೊಗೆ ಕುಡಿದು, ಎಂಟು ಬೈಕು ಎರಚಿದ ಕೆಸರು ಒರೆಸಿಕೊಂಡು, ಸವಾರಿ ಮುಗಿಯುವ ಹೋಟೆಲನ್ನು ಕೊನೆಯವನಾಗಿ ಮುಟ್ಟುವ ಹೊತ್ತಿಗೆ ಸೇಬಿನ ಪೈ ಮುಗಿದು ಬರಿಯ ಕುಂಬಳಕಾಯಿಯದು ಉಳಿದಿರುತ್ತಿತ್ತು. ಸಾಯುವುದರೊಳಗೆ ಒಂದೇ ಒಂದು ಸಲ ಸಾಲಿನ ಮುಂದೆ ಹೋಗಬೇಕು, ಎದುರಿಗೆ ಬರಿಯ ರಸ್ತೆ ಕಾಣಬೇಕು. ಲಾಯ್ಡ್‌ಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಇಷ್ಟೇ. ಅದನ್ನು ಮಾರ್ಲಿಸ್‌ಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ.

ಜನವರಿ ಹನ್ನೊಂದರ ಶನಿವಾರ ಬೆಳಿಗ್ಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿತ್ತು. ಶನಿವಾರದ ತಿಂಡಿಗೆ ಸಂಘವೆಲ್ಲ ಆರ್ಲಿನ್‌ಳ ಕೆಫೆಯಲ್ಲಿ ಸೇರುವುದು ಪದ್ಧತಿ. ಲಾಯ್ಡ್ ತನ್ನ ಹಳೆಯ ಪಿಕಪ್ ಟ್ರಕ್ಕು ಹೊರಡಿಸಿದ. ನಾಲ್ಕು ಮನೆ ದಾಟುವಷ್ಟರಲ್ಲಿ ಅದರ ಹೀಟರು ಕೆಮ್ಮಿ ಸತ್ತಿತು. ಒಳಗಿನ ಉಸಿರೆಲ್ಲ ಗಾಜಿಗೆ ಮೆತ್ತಿ ಮಂಜಾಗಿ, ಮುಂದೆ ಏನೂ ಕಾಣದಂತಾಯಿತು. ಕೆರೆದರೆ ಮತ್ತೆ ಕಟ್ಟುತ್ತದೆ. ಬುದ್ಧಿವಂತನಾದವನು ಮನೆಗೆ ವಾಪಸು ಹೋಗುತ್ತಿದ್ದ. ಲಾಯ್ಡ್ ಸೀಟಿನ ಹಿಂದೆ ಬಿದ್ದಿದ್ದ ಬೈಕಿನ ಹೆಲ್ಮೆಟ್ ತಲೆಗೇರಿಸಿ, ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿಕೊಂಡು ಎರಡು ಮೈಲಿ ಗಾಡಿ ಓಡಿಸಿದ. ಕೆಫೆಯ ಮುಂದೆ ಹಿಮದ ಗುಡ್ಡೆ ಇದ್ದದ್ದರಿಂದ ಟ್ರಕ್ಕನ್ನು ಚರ್ಚಿನ ಹಿಂದೆ ನಿಲ್ಲಿಸಿ ನಡೆದುಬಂದ.

ಬಾಗಿಲು ತೆಗೆದವನೇ ನಿಂತುಬಿಟ್ಟ. ತಲೆಗೆ ಹೆಲ್ಮೆಟ್, ಮೈಗೆ ಚರ್ಮದ ಜಾಕೆಟ್, ಹುಬ್ಬಿನಲ್ಲಿ ಮಂಜು, ಮೀಸೆಯಿಂದ ಎರಡು ಹಿಮದ ಕಡ್ಡಿ. ಒಳಗೆ ಎಂಟು ಜನರ ಫೋರ್ಕು ಎಂಟು ಬಾಯಿಯ ಮುಂದೆ ನಿಂತವು.

"ಲಾಯ್ಡ್," ಅಂದ ಗಸ್ ನಿಧಾನವಾಗಿ, "ಬೈಕಲ್ಲಿ ಬಂದ್ಯೇನಯ್ಯ?"

ಲಾಯ್ಡ್ ಇಲ್ಲ ಎನ್ನಲು ಬಾಯಿ ತೆರೆಯಲು ನೋಡಿದ. ಗಲ್ಲ ಮರಗಟ್ಟಿತ್ತು. ತುಟಿ ಎಲ್ಲಿದೆ ಅನ್ನುವುದೇ ತಿಳಿಯಲಿಲ್ಲ. "ಬ್ಬ" ಎಂಬಷ್ಟು ಮಾತ್ರ ಹೊರಬಂತು. ಅದೇ ಹೊತ್ತಿಗೆ ಆರ್ಲಿನ್ ಕಾಫಿಯ ಜಗ್ಗು ಎತ್ತಿ ತೋರಿಸಿ, ಬೇಕಾ ಎಂಬಂತೆ ಹುಬ್ಬು ಹಾರಿಸಿದಳು. ಲಾಯ್ಡ್ ಜೋರಾಗಿ ತಲೆಯಾಡಿಸಿದ. ಕಾಫಿ ಯಾರಿಗೆ ಬೇಡ.

ಇಡೀ ಕೆಫೆ ಎದ್ದು ನಿಂತಿತು. ಬೆನ್ನು ತಟ್ಟಿದರು, ಕುರ್ಚಿ ಎಳೆದುಕೊಟ್ಟರು, ಯಾರೋ ತಮ್ಮ ತಟ್ಟೆಯ ಹಂದಿಮಾಂಸದ ತುಂಡನ್ನೇ ಎತ್ತಿ ಅವನ ತಟ್ಟೆಗೆ ಹಾಕಿದರು. ಹನ್ನೊಂದು ವರ್ಷದಲ್ಲಿ ಅವನಿಗೆ ಯಾರೂ ಹಂದಿಮಾಂಸ ಕೊಟ್ಟಿರಲಿಲ್ಲ.

"ಹೊರಗೆಲ್ಲೂ ಬೈಕು ಕಾಣ್ತಿಲ್ವಲ್ಲ," ಅಂದ ವೆಂಡೆಲ್ ಕಿಟಕಿ ಒರೆಸಿ ನೋಡುತ್ತ.

"ನಿನ್ನ ತಲೆ. ಈ ಚಳೀಲಿ ಹೊರಗೆ ನಿಲ್ಲಿಸ್ತಾನಾ? ಚರ್ಚಿನ ಕಡೆಯಿಂದ ಬಂದ, ನಾನು ನೋಡ್ದೆ. ಅಲ್ಲಿ ಬಾಯ್ಲರ್ ಕೋಣೇಲಿ ಬೆಚ್ಚಗೆ ಇಟ್ಟಿರ್ತಾನೆ," ಅಂದ ಗಸ್. "ಅಲ್ವೇನೋ?"

"ಬ್ಬ," ಅಂದ ಲಾಯ್ಡ್.

"ಟೈರಿಗೆ ಏನು ಮಾಡ್ಕೊಂಡ?" ಅಂದ ಇನ್ನೊಬ್ಬ.

"ಹಿಮದಲ್ಲಿ ಜಾರದ ಹಾಗೆ ಗಾಳಿ ಕಮ್ಮಿ ಮಾಡ್ಕೊಂಡಿರ್ತಾನೆ. ಅಷ್ಟೂ ಗೊತ್ತಿಲ್ವಾ ಅವನಿಗೆ?"

ನ್ಯಾಯವಾಗಿ ಹೇಳಬೇಕೆಂದರೆ ಲಾಯ್ಡ್ ಅವತ್ತು ಒಂದು ಸುಳ್ಳನ್ನೂ ಆಡಲಿಲ್ಲ. ಸುಳ್ಳನ್ನೆಲ್ಲ ಅವರವರೇ ಮಾಡಿ, ಅವರವರೇ ಬಡಿಸಿ, ಅವರವರೇ ಉಂಡರು. ಗಲ್ಲ ಕರಗಿ ಮಾತು ಬರುವಂತಾದಾಗ ಆರ್ಲಿನ್ ಕರಿಹಲಗೆಯ ಮೇಲೆ ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ ಬರೆದಾಗಿತ್ತು: ಜನವರಿ ೧೧, ಲಾಯ್ಡ್ ಟೊರ್ವಿಕ್. ಲಾಯ್ಡ್ ಅದನ್ನು ನೋಡಿದ. ಬಾಯಿಯೇನೋ ತೆರೆದ, ಅದಕ್ಕೆ ಇನ್ನೊಂದು ತುಂಡು ಹಂದಿಮಾಂಸ ಹಾಕಿಕೊಂಡು ಮುಚ್ಚಿದ.

ಮೂಲೆಯ ಮೇಜಿನಲ್ಲಿ ಒಬ್ಬನೇ ಗಂಜಿ ಕುಡಿಯುತ್ತ ಕೂತಿದ್ದವನು ನಾರ್ಮನ್, ಊರಿನ ವಿಮಾ ಏಜೆಂಟು. ಚರ್ಚಿನ ಹಿರಿಯರಲ್ಲಿ ಒಬ್ಬ, ಪಿಸುದನಿಯಲ್ಲದೆ ಮಾತಾಡಿದವನಲ್ಲ. ಅವನು ಎದ್ದುಹೋಗುವಾಗ ಲಾಯ್ಡ್‌ನ ಕಿವಿಯ ಹತ್ತಿರ ಬಗ್ಗಿದ.

"ಲಾಯ್ಡ್, ಸೋಮವಾರ ಒಂದ್ಸಲ ಆಫೀಸ್ ಕಡೆ ಬಂದು ಹೋಗು."

ಲಾಯ್ಡ್ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಡುಗೆಮನೆಯಲ್ಲಿ ಮಾರ್ಲಿಸ್ ಕೈಕಟ್ಟಿ ನಿಂತಿದ್ದಳು. ಮೇಜಿನ ಮೇಲೆ ಮಾಂಸ, ಆಲೂಗಡ್ಡೆ ಸೇರಿಸಿ ಬೇಯಿಸಿದ ಹಾಟ್‌ಡಿಶ್ ತುಂಬಿದ ಮೂರು ಗಾಜಿನ ಪಾತ್ರೆಗಳಿದ್ದವು. ಹೆರನ್ ಫೋರ್ಕಿನಲ್ಲಿ ಸಾವಿನ ಮನೆಗೆ ಹಾಟ್‌ಡಿಶ್ ಮಾಡಿಕೊಂಡು ಹೋಗುವುದು ರೂಢಿ.

"ಯಾರು ಸತ್ರು?" ಅಂದ ಲಾಯ್ಡ್.

"ನೀನು. ಇವತ್ತಲ್ಲ ನಾಳೆ ಸಾಯ್ತೀಯಂತೆ, ಆಮೇಲೆ ಹೇಗೂ ತರಬೇಕಲ್ಲ ಅಂತ ಚರ್ಚಿನ ಹೆಂಗಸ್ರು ಈಗ್ಲೇ ತಂದಿಟ್ಟು ಹೋದ್ರು. ಪಾದ್ರಿಗಳು ಫೋನ್ ಮಾಡಿ ನಿನಗಿಷ್ಟವಾದ ಹಾಡು ಯಾವುದು ಅಂತ ಕೇಳಿದ್ರು." ಅವಳು ಬ್ರೆಡ್ ಡಬ್ಬಿಯ ಕಡೆ ಕೈ ತೋರಿಸಿದಳು. "ಲಾಯ್ಡ್, ಅಲ್ಲಿ ಏನಿದೆ?"

ಬ್ರೆಡ್ ಡಬ್ಬಿಯ ಪಕ್ಕ ಬೈಕಿನ ಬ್ಯಾಟರಿ ಚಾರ್ಜರಿಗೆ ಅಂಟಿಕೊಂಡು ಬೆಚ್ಚಗೆ ಕೂತಿತ್ತು. ನವೆಂಬರಿನಿಂದಲೂ ಅಲ್ಲೇ ಇತ್ತು. ಚಳಿಗೆ ಸಾಯಬಾರದೆಂದು ಊರಿನ ಎಲ್ಲ ಸವಾರರೂ ಬ್ಯಾಟರಿ ಬಿಚ್ಚಿ ಮನೆಯೊಳಗೆ ತಂದಿಡುತ್ತಾರೆ.

"ಬ್ಯಾಟ್ರಿ," ಅಂದ ಲಾಯ್ಡ್.

"ಹೃದಯ ಇಲ್ಲಿ ಬಿಟ್ಟು ದೇಹ ಊರು ಸುತ್ತಕ್ಕೆ ಹೋಗಿತ್ತಾ?"

ಲಾಯ್ಡ್ ಕುರ್ಚಿಯಲ್ಲಿ ಕುಸಿದು ನಡೆದದ್ದೆಲ್ಲ ಹೇಳಿದ. ಹೀಟರು, ಗಲ್ಲ, ಕಾಫಿ. ಮಾರ್ಲಿಸ್ ನಗದೆ ಕೇಳಿದಳು. ಅದೇ ಅವನಿಗೆ ಹೆದರಿಕೆ ತಂದಿತು.

"ಹೋಗಿ ಅಳಿಸ್ಕೊಂಡು ಬಾ," ಅಂದಳು.

"ಮಾರ್ಲಿಸ್, ಎಲ್ಲರಿಗಿಂತ ಮೇಲೆ ಬರೆದಿದ್ದಾರೆ ಕಣೆ ನನ್ನ ಹೆಸರು."

ಅವನ ದನಿ ಕೇಳಿ ಅವಳಿಗೆ ಅಯ್ಯೋ ಅನ್ನಿಸಿತು. ಬೈಯಲು ಎತ್ತಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ನುಂಗಿಕೊಂಡಳು. "ಹಾಟ್‌ಡಿಶ್ ತಿನ್ನು, ಆರಿಹೋಗತ್ತೆ," ಅಂದು ಒಳಗೆ ಹೋದಳು.

ಸೋಮವಾರ ನಾರ್ಮನ್ ತನ್ನ ಆಫೀಸಿನ ಬಾಗಿಲು ಹಾಕಿ, ಪರದೆ ಎಳೆದು, ಹೊರಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಪಿಸುಗುಟ್ಟಿದ. "ಚಳಿಗಾಲಕ್ಕೆ ಬೈಕು ಮಲಗಿಸ್ತಿದ್ದೀನಿ, ಮತ್ತೆ ಹೇಳೋವರೆಗೂ ರಸ್ತೆಗೆ ಇಳಿಸಲ್ಲ ಅಂತ ನೀನೇ ಸಹಿ ಮಾಡಿದ ಕಾಗದ ಇದು. ಅದಕ್ಕೇ ಅಲ್ವಾ ನಿನಗೆ ವಿಮೆ ಕಂತು ಇಳಿಸಿರೋದು? ಈಗ ಊರೆಲ್ಲ ನೀನು ಓಡಿಸ್ದೆ ಅಂತಿದೆ. ವಿಮೆ ಇಲ್ಲದೆ ಓಡಿಸಿದ್ರೆ ಲೈಸೆನ್ಸ್ ಹೋಗತ್ತೆ, ಲಾಯ್ಡ್."

"ನಾನು ಓಡಿಸಿಲ್ಲ."

"ದೇವರು ದೊಡ್ಡವನು. ಹಾಗಾದ್ರೆ ಹೋಗಿ ಬೋರ್ಡ್ ಅಳಿಸು."

"ಅಳಿಸಿದ್ರೆ ಮತ್ತೆ ಎಲ್ಲರ ಹಿಂದೆ."

ನಾರ್ಮನ್ ಕನ್ನಡಕ ತೆಗೆದು ಒರೆಸಿದ. "ಶನಿವಾರದವರೆಗೆ ನಾನೇನೂ ಕೇಳಿಸಿಕೊಂಡಿಲ್ಲ. ಅಷ್ಟರಲ್ಲಿ ನೀನೇ ಹೇಳು. ಇಲ್ಲಾಂದ್ರೆ ನಾನು ಮೇಲಿನವರಿಗೆ ಬರೀಬೇಕಾಗತ್ತೆ."

ಮೇಲಿನವರು ಎಂದರೆ ವಿಮಾ ಕಂಪನಿಯೋ ದೇವರೋ ಅನ್ನುವುದನ್ನು ಅವನು ಬಿಡಿಸಿ ಹೇಳಲಿಲ್ಲ.

ಸತ್ಯ ಹೇಳಿಯೇಬಿಡುವುದೆಂದು ತೀರ್ಮಾನಿಸಿ ಲಾಯ್ಡ್ ಹೊರಗೆ ಬಂದ. ಎದುರಿಗೇ ಗಸ್ ಸಿಕ್ಕಿದ. "ನಾಳೆ ಸಂಜೆ ನಿಮ್ಮನೆ ಕಡೆ ಬರ್ತೀನಿ ಕಣೋ. ಹಿಮದಲ್ಲಿ ನಿನ್ನ ಟೈರಿನ ಗುರುತು ನೋಡ್ಬೇಕು. ಎಷ್ಟು ಗಾಳಿ ಇಟ್ಟಿದ್ದೀಯ ಅಂತ ಅದರಲ್ಲೇ ಗೊತ್ತಾಗತ್ತೆ," ಅಂದು, ಉತ್ತರಕ್ಕೆ ಕಾಯದೆ ಜಾರುತ್ತ ಹೋದ. ಲಾಯ್ಡ್‌ನ ತೀರ್ಮಾನವೂ ಜಾರಿತು.

ಮರುದಿನ ಮಧ್ಯಾಹ್ನ ಅಂಗಡಿಗೆ ರಜೆ ಹಾಕಿ, ಮಾರ್ಲಿಸ್ ಪೇಟೆಗೆ ಹೋದ ಸಮಯ ನೋಡಿ, ಬ್ಯಾಟರಿಯಿಲ್ಲದ ಬೈಕನ್ನು ಗ್ಯಾರೇಜಿನಿಂದ ಹೊರಗೆ ತಳ್ಳಿದ. ಬೂಟಿನ ಗುರುತು ಜಾಸ್ತಿ ಕಾಣಬಾರದೆಂದು ಮನೆಯ ಬಟ್ಟೆ ಚಪ್ಪಲಿ ಹಾಕಿಕೊಂಡಿದ್ದ. ರಸ್ತೆಯ ಇಳಿಜಾರಿನಲ್ಲಿ ಮೇಲಕ್ಕೆ ತಳ್ಳುವುದು, ಮೇಲೆ ಹತ್ತಿ ಕೂತು ಕೆಳಕ್ಕೆ ಜಾರುವುದು, ಮತ್ತೆ ತಳ್ಳುವುದು. ಮೂರು ಕ್ವಿಂಟಾಲ್ ಕಬ್ಬಿಣ ಅದು. ನಾಲ್ಕನೆಯ ಸಲಕ್ಕೆ ಅವನ ಬಾಯಿಂದ ಹಬೆ ಎಂಜಿನಿನಂತೆ ಬರುತ್ತಿತ್ತು.

ಎದುರುಮನೆಯ ಡೆಲೋರಿಸ್ ಎಂಬತ್ತರ ವಿಧವೆ. ಚಳಿಗಾಲದಲ್ಲಿ ಅವಳ ಕಿಟಕಿಯ ಗಾಜಿನಲ್ಲಿ ಅಂಗೈಯಷ್ಟಗಲ ಮಾತ್ರ ಮಂಜು ಒರೆಸಿರುತ್ತಿತ್ತು, ಆ ಅಂಗೈಯಗಲದಲ್ಲಿ ಊರಿನ ಮರ್ಯಾದೆಯೆಲ್ಲ ಕಾಣುತ್ತಿತ್ತು. ಅವಳಿಗೆ ಕಂಡದ್ದು ಲಾಯ್ಡ್ ಮತ್ತೆ ಮತ್ತೆ ಇಳಿಜಾರಿನಲ್ಲಿ ಬರ್ರೆಂದು ಬರುವುದಷ್ಟೇ. ಮೇಲಕ್ಕೆ ತಳ್ಳುವುದು ಮರದ ಮರೆಯಾಗಿತ್ತು. ಅವಳು ಶೆರಿಫರ ಕಚೇರಿಗೆ ಫೋನ್ ಹಚ್ಚಿದಳು.

ಡೆಪ್ಯುಟಿ ರೋಂಡಾ ಜೀಪಿನಿಂದ ಇಳಿದಾಗ ಲಾಯ್ಡ್ ಬೈಕಿಗೆ ಆತುಕೊಂಡು ಏದುಸಿರು ಬಿಡುತ್ತಿದ್ದ.

"ಟೊರ್ವಿಕ್ ಅವ್ರೇ, ಚಪ್ಪಲಿ ಹಾಕ್ಕೊಂಡು ರೇಸ್ ಮಾಡ್ತಿದ್ದೀರಂತೆ."

"ಓಡಿಸ್ತಾ ಇಲ್ಲ ಮೇಡಂ. ಬ್ಯಾಟ್ರೀನೇ ಇಲ್ಲ, ನೋಡಿ."

ರೋಂಡಾ ಬಗ್ಗಿ ನೋಡಿದಳು. ಬ್ಯಾಟರಿ ಇರಬೇಕಾದ ಕಡೆ ಖಾಲಿ ತೂತಿತ್ತು. "ಮತ್ತೆ ಏನು ಮಾಡ್ತಿದ್ರಿ?"

"ತಳ್ತಿದ್ದೆ."

"ಎಲ್ಲಿಗೆ?"

"ಮೇಲಕ್ಕೆ."

"ಆಮೇಲೆ?"

"ಕೆಳಕ್ಕೆ."

ರೋಂಡಾ ಜೇಬಿನಿಂದ ಪುಸ್ತಕ ತೆಗೆದು, ಕೈಗವಸು ಹಲ್ಲಿನಲ್ಲಿ ಕಚ್ಚಿಕೊಂಡು, ಒಂದೇ ಒಂದು ಪದ ಬರೆದಳು. ಲಾಯ್ಡ್ ಕತ್ತು ಚಾಚಿ ನೋಡಿದ. 'ಚಳಿಗಾಲ' ಎಂದಿತ್ತು. ಅದರ ಮೇಲಿನ ಆರು ಸಾಲುಗಳಲ್ಲೂ ಅದೇ ಇತ್ತು.

"ಏಪ್ರಿಲಲ್ಲಿ ತಾನಾಗೇ ಹೋಗತ್ತೆ," ಅಂದಳು ರೋಂಡಾ ಸಮಾಧಾನವಾಗಿ. "ಒಳಗೆ ಹೋಗಿ ಬಿಸಿಯಾಗಿ ಏನಾದ್ರೂ ಕುಡೀರಿ. ಬೈಕು ನಾನು ತಳ್ಳಿ ಕೊಡ್ತೀನಿ."

ಪೊಲೀಸರು ಬಂದರೂ ಲಾಯ್ಡ್‌ನನ್ನು ಹಿಡಿಯಲಾಗಲಿಲ್ಲ, ಕೊನೆಗೆ ಪೊಲೀಸರೇ ಬೈಕು ತಳ್ಳಿಕೊಟ್ಟರು ಎಂದು ಡೆಲೋರಿಸ್ ಸಂಜೆಯೊಳಗೆ ಹನ್ನೆರಡು ಮನೆಗೆ ಫೋನ್ ಮಾಡಿ ಹೇಳಿದಳು. ಗಸ್ ಬಂದು ಇಳಿಜಾರಿನ ಟೈರಿನ ಗೆರೆಗಳನ್ನು ಮಂಡಿಯೂರಿ ಬೆರಳಿನಿಂದ ಅಳೆದ. ಏಳುವಾಗ ಅವನ ಮುಖ ಸಪ್ಪಗಿತ್ತು.

ಇಲ್ಲಿಂದ ಮುಂದೆ ಆದದ್ದಕ್ಕೆ ಲಾಯ್ಡ್ ಕಾರಣನಲ್ಲ. ಕಾರಣ ಗಂಡಸರ ಹೊಟ್ಟೆ. ಬಣ್ಣ ಬೆರೆಸುವ ಲಾಯ್ಡ್ ಜನವರಿಯಲ್ಲಿ ಬೈಕು ಓಡಿಸಿದ ಅನ್ನುವುದು ಯಾರ ಹೊಟ್ಟೆಯಲ್ಲೂ ಅರಗಲಿಲ್ಲ. ಬುಧವಾರ ಬೆಳಿಗ್ಗೆ ವೆಂಡೆಲ್ ಕೆಫೆಗೆ ಬಂದು, ಯಾರೂ ಕೇಳದಿದ್ದರೂ, "ನಾನೂ ನಿನ್ನೆ ಹಂಗೇ ಒಂದು ರೌಂಡ್ ಹೋಗಿದ್ದೆ," ಅಂದ. ಆರ್ಲಿನ್ ಬರೆದಳು, ಜನವರಿ ೧೪. ಮಧ್ಯಾಹ್ನಕ್ಕೆ ಇನ್ನೊಬ್ಬ ಬಂದ. ಅವನು ಬೆಳಿಗ್ಗೆ ಕೆರೆಯ ಮೇಲೇ ಓಡಿಸಿದ್ದನಂತೆ. ದಿಂಬಿನ ಕೆಳಗೆ ಬಟ್ಟೆ ಇಡುವವನು ಹಿಂದೆ ನಾಯಿಯನ್ನೂ ಕೂರಿಸಿಕೊಂಡಿದ್ದೆ ಅಂದ. ಗುರುವಾರ ಸಂಜೆಯ ಹೊತ್ತಿಗೆ ಕರಿಹಲಗೆ ತುಂಬಿ ಅಂಚಿನಲ್ಲಿ ಬರೆಯುವಂತಾಯಿತು. ಹಲಗೆಯನ್ನು ನಂಬುವುದಾದರೆ ಆ ವಾರ ಹೆರನ್ ಫೋರ್ಕಿನ ರಸ್ತೆಯಲ್ಲಿ ಕಾರುಗಳಿಗೆ ಜಾಗವಿರಲಿಲ್ಲ. ರಸ್ತೆಯ ಹಿಮ ತಳ್ಳುವ ಗಾಡಿಯವನು ಮಾತ್ರ ಒಂದು ಬೈಕನ್ನೂ ಕಾಣಲಿಲ್ಲವೆಂದು ಹೇಳುತ್ತಿದ್ದ, ಅವನಿಗೆ ಕಣ್ಣು ಮಂಜೆಂದು ಎಲ್ಲರೂ ಒಪ್ಪಿದರು.

ಗಸ್ ಮಾತ್ರ ಏನೂ ಬರೆಸಲಿಲ್ಲ. ಶುಕ್ರವಾರ ಬಂದು ಹಲಗೆಯನ್ನು ಮೇಲಿನಿಂದ ಅಂಚಿನವರೆಗೆ ಓದಿದ. ಆಮೇಲೆ ತಿರುಗಿ, "ಎಲ್ಲರೂ ಬೇರೆ ಬೇರೆ ಯಾಕೆ ಹೋಗ್ಬೇಕು? ನಾಳೆ ಬೆಳಿಗ್ಗೆ ಸಂಘದ್ದೇ ಸವಾರಿ. ಸೇತುವೆ ದಾಟಿ ಕೆರೆ ಸುತ್ತು. ಜನವರೀಲಿ ಮೊದಲು ಓಡಿಸಿದವನು ಲಾಯ್ಡ್, ಅವನೇ ಮುಂದೆ," ಅಂದ.

ಆ ರಾತ್ರಿ ಎಂಟು ಮನೆಗಳಲ್ಲಿ ಎಂಟು ಜನ ಗಂಡಸರು ಹಿಮದ ಬಿರುಗಾಳಿ ಬರಲೆಂದು ದೇವರಲ್ಲಿ ಬೇಡಿಕೊಂಡರು. ಆ ಚಳಿಗಾಲದಲ್ಲೇ ಅಷ್ಟು ನಿರ್ಮಲವಾದ ಬೆಳಗು ಇನ್ನೊಂದು ಆಗಲಿಲ್ಲ.

ಲಾಯ್ಡ್ ಬೆಳಿಗ್ಗೆ ಬ್ಯಾಟರಿಗೆ ಕೈ ಹಾಕಿದ. ಮಾರ್ಲಿಸ್ ಅದರ ಮೇಲೆ ಹಾಟ್‌ಡಿಶ್‌ನ ಖಾಲಿ ಪಾತ್ರೆ ಬೋರಲು ಹಾಕಿ, ಅದರ ಮೇಲೆ ಕೈಯಿಟ್ಟು ನಿಂತಿದ್ದಳು. "ಇದನ್ನ ಕೊಡಲ್ಲ. ನನಗೆ ಗಂಡ ಬೇಕು," ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಲಾಯ್ಡ್ ಟ್ರಕ್ಕಿನಲ್ಲೇ ಹೊರಟ. ಜ್ವರ ಬಂದಿದೆ ಎಂದು ಹೇಳುವುದೆಂದುಕೊಂಡ, ದಾರಿಯುದ್ದಕ್ಕೂ ಕೆಮ್ಮು ಅಭ್ಯಾಸ ಮಾಡಿದ.

ಕೆಫೆಯ ಮುಂದೆ ಎಂಟು ಬೈಕುಗಳು ಸಾಲಾಗಿ ನಿಂತಿದ್ದವು. ಎಲ್ಲವನ್ನೂ ಟ್ರಕ್ಕಿನಲ್ಲಿ ಹೇರಿ ತಂದದ್ದು. ಪಕ್ಕದಲ್ಲಿ ಎಂಟು ಜನರು ಗಲ್ಲಿಗೇರಲು ಹೊರಟವರ ಮುಖ ಹೊತ್ತು ನಿಂತಿದ್ದರು. ಗಸ್ ತನ್ನ ಎರಡೂ ಚಕ್ರಕ್ಕೆ ಬಟ್ಟೆ ಒಣಹಾಕುವ ಹಗ್ಗ ಸುತ್ತಿದ್ದ. ಆರ್ಲಿನ್ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ನಾರ್ಮನ್ ಕಂಕುಳಲ್ಲಿ ಫೈಲು ಇಟ್ಟುಕೊಂಡು ಒಬ್ಬೊಬ್ಬರ ಹತ್ತಿರವೂ ಹೋಗಿ ಪಿಸುಗುಡುತ್ತಿದ್ದ, ಹೆಲ್ಮೆಟ್ ಹಾಕಿದವರಿಗೆ ಅದು ಕೇಳಿಸುತ್ತಿರಲಿಲ್ಲ.

"ಬೈಕೆಲ್ಲಿ?" ಅಂದ ಗಸ್.

"ಜ್ವರ ಬಂದಿದೆ ಗಸ್," ಅಂದ ಲಾಯ್ಡ್, ಕೆಮ್ಮಿದ.

ಉಳಿದ ಏಳು ಜನರ ಮುಖಕ್ಕೆ ಜೀವ ಬಂತು. ಪಾಪ, ಜ್ವರ, ಮುಂದೆ ಹೋಗೋನೇ ಇಲ್ಲ ಅಂದ್ಮೇಲೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಹೆಲ್ಮೆಟ್ ಬಿಚ್ಚತೊಡಗಿದರು. ಗಸ್ ಬಿಚ್ಚಲಿಲ್ಲ.

"ಸರಿ. ನೀನು ಮಲಕ್ಕೊ. ನಾನು ಮುಂದೆ ಹೋಗ್ತೀನಿ," ಅಂದು ಬೈಕಿಗೆ ಕಾಲು ಹಾಕಿದ. "ನಲವತ್ತು ವರ್ಷ ಓಡಿಸಿದೀನಿ. ಬಣ್ಣದಂಗಡಿಯವನು ಹೋಗಿಬಂದ ದಾರೀಲಿ ನಾನು ಹೋಗಕ್ಕಾಗಲ್ಲ ಅಂತ ಯಾರೂ ಅನ್ನಬಾರದು."

ಎಂಜಿನು ಗುಡುಗಿತು. ಮುಂದೆ ಸೇತುವೆಯವರೆಗೂ ಇಳಿಜಾರು, ಇಳಿಜಾರಿನುದ್ದಕ್ಕೂ ಗಾಜಿನಂಥ ಮಂಜುಗಡ್ಡೆ, ಸೇತುವೆಯ ಆಚೆ ಕಟ್ಟೆಯಿಲ್ಲದ ತಿರುವು. ಮುದುಕ ಕ್ಲಚ್ಚಿನ ಮೇಲೆ ಕೈಯಿಟ್ಟು, ಸೇತುವೆಯ ಕಡೆ ನೋಡಿ, ಕೈ ತೆಗೆದು, ಮತ್ತೆ ಇಟ್ಟದ್ದು ಲಾಯ್ಡ್‌ಗೆ ಕಂಡಿತು. ಅದು ಹೆದರಿಕೆ. ಗಸ್ ಕ್ಲಚ್ ಬಿಡುವುದಕ್ಕೂ ಲಾಯ್ಡ್ ಮುಂದಿನ ಚಕ್ರವನ್ನು ಎರಡು ತೊಡೆಗಳ ನಡುವೆ ಹಿಡಿದು ನಿಲ್ಲುವುದಕ್ಕೂ ಸರಿಹೋಯಿತು. ಇಬ್ಬರೂ ಬೈಕಿನ ಸಮೇತ ಒಂದು ಗಜ ಜಾರಿ ಹಿಮದ ಗುಡ್ಡೆಗೆ ಒರಗಿದರು.

"ನಾನು ಓಡಿಸಿಲ್ಲ ಗಸ್," ಅಂದ ಲಾಯ್ಡ್. "ಟ್ರಕ್ಕಲ್ಲಿ ಬಂದಿದ್ದೆ. ಹೀಟರ್ ಕೆಟ್ಟಿತ್ತು, ತಲೆ ಹೊರಗೆ ಹಾಕ್ಕೊಂಡು ಓಡಿಸ್ದೆ. ಗಲ್ಲ ಮರಗಟ್ಟಿ ಮಾತು ಬರಲಿಲ್ಲ. ಆಮೇಲೆ ಬಂತು, ನಾನು ಹೇಳಲಿಲ್ಲ. ಮುಂದೆ ಹೋಗೋ ಆಸೆ ಇತ್ತು ನನಗೆ. ಇನ್ನು ಬೇಡ. ಸಾಯೋವರೆಗೂ ಹಿಂದೇನೇ ಬರ್ತೀನಿ. ಈ ಎಂಜಿನ್ ಆಫ್ ಮಾಡು."

ಅಷ್ಟು ಉದ್ದದ ಮಾತನ್ನು ಲಾಯ್ಡ್ ಮದುವೆಯ ದಿನವೂ ಆಡಿರಲಿಲ್ಲ. ಗಸ್ ಎಂಜಿನು ಆರಿಸಿದ. ಹೆಲ್ಮೆಟ್ ತೆಗೆದು ಲಾಯ್ಡ್‌ನನ್ನು ನೋಡಿದ. ಮುದುಕನ ಮುಖದಲ್ಲಿ ಕಂಡ ನಿರಾಳ, ಆಸ್ಪತ್ರೆಯಿಂದ ಮನೆಗೆ ಬಿಟ್ಟವರ ಮುಖದಲ್ಲಿ ಮಾತ್ರ ಕಾಣುವಂಥದ್ದು.

"ಥೂ, ನಾಚಿಕೆಗೆಟ್ಟವನೇ," ಅಂದ ಗಸ್, ಅವನ ಭುಜ ಹಿಡಿದುಕೊಂಡೇ. "ಇಂಥ ಸುಳ್ಳು ಹೇಳ್ತಾರೇನೋ?"

"ಸಂಘದ ಮರ್ಯಾದೆ ಏನಾಗ್ಬೇಕು?" ಅಂದ ವೆಂಡೆಲ್.

"ನೀನು ಹದಿನಾಲ್ಕಕ್ಕೆ ಓಡಿಸಿದ್ದೆ ಅಲ್ವಾ ವೆಂಡೆಲ್?" ಅಂದಳು ಆರ್ಲಿನ್ ಬಾಗಿಲಿನಿಂದ, ಮೂಗು ಒರೆಸಿಕೊಳ್ಳುತ್ತ. "ಹಾಗಾದ್ರೆ ನೀನು ಮುಂದೆ ಹೋಗು."

ವೆಂಡೆಲ್ ತನ್ನ ಬೂಟು ನೋಡಿಕೊಂಡ. ತಾನು ಓಡಿಸಿದ್ದು ಊಟದ ಕೋಣೆಯಿಂದ ಹಜಾರದವರೆಗೆ ಅಂದ. ಕೆರೆಯ ಮೇಲೆ ಓಡಿಸಿದವನಿಗೆ ಅದು ಕನಸಿರಬಹುದು ಎಂಬ ಅನುಮಾನ ಬಂತು. ನಾಯಿಯನ್ನು ಕೂರಿಸಿಕೊಂಡವನು, ನಾಯಿ ಕೂತಿದ್ದಂತೂ ನಿಜ ಅಂದ.

ಈಗ ನಾರ್ಮನ್‌ನ ಸರದಿ. ಎಲ್ಲರನ್ನೂ ಒಳಗೆ ಕೂರಿಸಿ, ಫೈಲು ಬಿಚ್ಚಿ, ಜೀವನದಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ ಮಾತಾಡಿದ. "ಒಂಬತ್ತು ಜನಾನೂ ಚಳಿಗಾಲಕ್ಕೆ ಬೈಕು ಮಲಗಿಸಿ ನನ್ನ ಹತ್ರ ಸಹಿ ಮಾಡಿದೀರ. ಸಹಿ ಮಾಡಿದ ಮೇಲೆ ಓಡಿಸಿದ್ರೆ ಲೈಸೆನ್ಸ್ ಹೋಗತ್ತೆ. ಜನವರಿದು ಬಿಡಿ, ಅದು ಎಲ್ಲರದೂ ಸುಳ್ಳು ಅಂತ ಗೊತ್ತಾಯ್ತು. ನವೆಂಬರಿನದು ನೋಡೋಣ." ಅವನು ಒಂದು ಕಾಗದ ಎತ್ತಿದ. "ಗಸ್. ನೀನು ಸಹಿ ಮಾಡಿದ್ದು ಅಕ್ಟೋಬರ್ ಒಂಬತ್ತಕ್ಕೆ. ಬೋರ್ಡಲ್ಲಿ ನವೆಂಬರ್ ಹತ್ತೊಂಬತ್ತು ಅಂತಿದೆ. ಓಡಿಸಿದ್ರೆ ಕಾನೂನು ತಪ್ಪು, ಓಡಿಸದಿದ್ರೆ ಬೋರ್ಡು ತಪ್ಪು. ಯಾವುದನ್ನ ಅಳಿಸ್ಲಿ?"

ಗಸ್ ಸಕ್ಕರೆಯ ಡಬ್ಬಿಯ ಮೇಲಿನ ಅಕ್ಷರವನ್ನೆಲ್ಲ ಓದಿದ. "ಬೋರ್ಡು," ಅಂದ. "ಸೊಂಟ ನೋವಿತ್ತು ಕಣಯ್ಯ ಅಕ್ಟೋಬರಲ್ಲಿ."

ಒಬ್ಬೊಬ್ಬನ ಕಾಗದವೂ ಬಂತು. ಅಕ್ಟೋಬರ್ ಹನ್ನೆರಡು, ಅಕ್ಟೋಬರ್ ಐದು, ಸೆಪ್ಟೆಂಬರ್ ಮೂವತ್ತು. ಸೆಪ್ಟೆಂಬರಿನವನು ವೆಂಡೆಲ್. ಆರ್ಲಿನ್ ಒದ್ದೆ ಬಟ್ಟೆ ಹಿಡಿದು ಹಲಗೆಯ ಮೇಲೆ ಒರೆಸುತ್ತ ಹೋದಳು. ಹನ್ನೊಂದು ವರ್ಷವೂ ಹೀಗೇ ಇದ್ದಿರಬೇಕು ಎಂಬುದು ಲಾಯ್ಡ್‌ಗೆ ನಿಧಾನವಾಗಿ ಹೊಳೆಯಿತು. ಆದರೂ ಅವನಿಗೆ ಸಿಟ್ಟು ಬರಲಿಲ್ಲ, ಬರಿದೇ ಸುಸ್ತಾಯಿತು.

"ಲಾಯ್ಡ್ ಟೊರ್ವಿಕ್, ನವೆಂಬರ್ ಎರಡು," ಅಂದ ನಾರ್ಮನ್ ಕೊನೆಯ ಕಾಗದ ಹಿಡಿದು. "ಇದಕ್ಕೆ 'ನಾನು ನೋಡಿದೀನಿ' ಅಂತ ನಾನೇ ಬರ್ಕೊಡ್ತೀನಿ. ಇವನು ಬೈಕು ಮಲಗಿಸ್ತೀನಿ ಅಂತ ಸಹಿ ಹಾಕಕ್ಕೆ ಬೈಕಲ್ಲೇ ಬಂದ. ಸಹಿ ಆದಮೇಲೆ, ಇನ್ನು ವಿಮೆ ಇಲ್ವಲ್ಲ ಅಂತ ಎರಡು ಮೈಲಿ ತಳ್ಕೊಂಡು ಮನೆಗೆ ಹೋದ."

ಹಲಗೆಯ ಮೇಲೆ ಒಂದೇ ಒಂದು ಹೆಸರು ಉಳಿದಿತ್ತು. ಗಸ್ ಎದ್ದು ತನ್ನ ತಟ್ಟೆಯ ಹಂದಿಮಾಂಸವನ್ನೆಲ್ಲ ಲಾಯ್ಡ್‌ನ ತಟ್ಟೆಗೆ ಸುರಿದು, "ಏಪ್ರಿಲಲ್ಲಿ ನೀನೇ ಮುಂದೆ," ಅಂದ. ಲಾಯ್ಡ್ ತಲೆ ತಗ್ಗಿಸಿ ತಿಂದ. ಕಣ್ಣೀರು ಬಿದ್ದು ಅದು ಸ್ವಲ್ಪ ಉಪ್ಪಾಯಿತು.

ಏಪ್ರಿಲ್ ಇಪ್ಪತ್ತರ ಭಾನುವಾರ ಬಿಸಿಲು ಬಂತು. ಒಂಬತ್ತು ಬೈಕು ಸಾಲಾಗಿ ಹೊರಟವು, ಹದಿನಾರು ಮೈಲಿ ಆಚೆಯ ಹೋಟೆಲಿಗೆ, ಪೈ ತಿನ್ನಲು. ಎಲ್ಲಕ್ಕಿಂತ ಮುಂದೆ ಲಾಯ್ಡ್. ಡೆಲೋರಿಸ್ ಕಿಟಕಿಯಿಂದ ಕೈಬೀಸಿದಳು. ಊರು ದಾಟಿತು, ಸೇತುವೆ ದಾಟಿತು, ಎದುರಿಗೆ ಬರಿಯ ರಸ್ತೆ, ಅದರ ಮೇಲೆ ಬಿಸಿಲು. ಲಾಯ್ಡ್‌ಗೆ ಎದೆ ತುಂಬಿ ಬಂತು.

ಐದನೆಯ ಮೈಲಿಯಲ್ಲಿ ರಸ್ತೆ ಎರಡಾಗಿ ಸೀಳಿತು. ಆಗ ಅವನಿಗೆ ಒಂದು ವಿಷಯ ಗೊತ್ತಾಯಿತು. ಹನ್ನೊಂದು ವರ್ಷ ಅವನು ಮುಂದಿನ ಬೈಕಿನ ಕೆಂಪು ದೀಪ ನೋಡಿಕೊಂಡು ಹೋಗಿದ್ದನೇ ಹೊರತು ದಾರಿಯನ್ನು ನೋಡಿರಲಿಲ್ಲ. ಯೋಚಿಸಲು ಸಮಯವಿರಲಿಲ್ಲ, ಹಿಂದೆ ಎಂಟು ಜನ ಇದ್ದರು. ಎಡಕ್ಕೆ ತಿರುಗಿಸಿದ. ಎಂಟು ಜನರೂ ತಿರುಗಿಸಿದರು. ಗಸ್‌ಗೆ ಇದು ತಪ್ಪು ದಾರಿ ಅನ್ನಿಸಿತ್ತಂತೆ, ಆದರೆ ಈ ಚಳಿಗಾಲದಲ್ಲಿ ಅಷ್ಟೆಲ್ಲ ಆದಮೇಲೆ ಲಾಯ್ಡ್‌ನನ್ನು ಅನುಮಾನಿಸಲು ಬಾಯಿ ಬರಲಿಲ್ಲವಂತೆ. ಡಾಂಬರು ಹೋಗಿ ಜಲ್ಲಿಯಾಯಿತು, ಜಲ್ಲಿ ಹೋಗಿ ಕೆಸರಾಯಿತು, ದಾರಿ ಒಂದು ಗಾಡಿಯಷ್ಟೇ ಅಗಲವಾಯಿತು, ಎರಡು ಕಡೆಯೂ ನೀರು ನಿಂತ ಚರಂಡಿ. ಕೊನೆಗೆ ಮುಚ್ಚಿಹೋದ ಕಲ್ಲುಗಣಿಯ ಗೇಟು, ಅದಕ್ಕೊಂದು ತುಕ್ಕು ಹಿಡಿದ ಬೀಗ.

ಲಾಯ್ಡ್ ಎಂಜಿನು ಆರಿಸಿದ. "ದಾರಿ ತಪ್ಪಿದೆ," ಅಂದ.

"ಅದು ಕಾಣ್ತಿದೆ," ಅಂದ ಗಸ್.

ಒಬ್ಬರನ್ನೊಬ್ಬರು ದಾಟಿ ಹೋಗಲು ಅಲ್ಲಿ ಜಾಗವಿರಲಿಲ್ಲ. ಒಬ್ಬೊಬ್ಬನೂ ನಿಂತಲ್ಲೇ ಹಿಂದೆ ಮುಂದೆ ತಳ್ಳಾಡಿ, ಬೈದುಕೊಂಡು, ಬೈಕು ತಿರುಗಿಸಿಕೊಂಡ. ಸಾಲು ವಾಪಸು ಹೊರಟಿತು. ಕಟ್ಟಕಡೆಗಿದ್ದ ಸೆಪ್ಟೆಂಬರಿನ ವೆಂಡೆಲ್ ಈಗ ಎಲ್ಲರಿಗಿಂತ ಮುಂದೆ. ಅವನ ಹಿಂದೆ ಏಳು ಜನ. ಅವರ ಹೊಗೆ ಕುಡಿಯುತ್ತ, ಅವರೆರಚಿದ ಕೆಸರು ಒರೆಸಿಕೊಳ್ಳುತ್ತ, ಎಲ್ಲರ ಹಿಂದೆ ಲಾಯ್ಡ್.

ಸಂಜೆ ಅವನು ಮೈತುಂಬ ಕೆಸರಿನೊಂದಿಗೆ ಮನೆಗೆ ಬಂದಾಗ ಮಾರ್ಲಿಸ್ ಮೆಟ್ಟಿಲ ಮೇಲೆ ಕಾದು ಕೂತಿದ್ದಳು.

"ಮುಂದೆ ಹೋದ್ಯಾ?" ಅಂದಳು.

"ಹೋದೆ."

"ಎಲ್ಲೀವರೆಗೆ?"

ಲಾಯ್ಡ್ ಹೆಲ್ಮೆಟ್ ತೆಗೆದು ಅವಳ ಪಕ್ಕದಲ್ಲಿ ಕೂತ. ಹನ್ನೊಂದು ವರ್ಷದಲ್ಲಿ ಅವಳು ಕಂಡಿರದಂಥ ನಗು ಅವನ ಮುಖದಲ್ಲಿತ್ತು.

"ರಸ್ತೆ ಇರೋವರೆಗೂ," ಅಂದ.